ಎಡ ಅಣ್ಣನಿಗೆ, ಬಲ ತಮ್ಮನಿಗೆ

ದೋಣಿಯ ಅಚ್ಚನ್ನು ಎರಡು ಹೋಳು ಮಾಡಿ ಹಂಚಿಕೊಂಡ ದಿನ ಹಿರಿಸೊಸೆ ನಗು ತಡೆಯಲಾರದೆ ಒಳಕ್ಕೆ ಓಡಿಹೋಗಿ ದಿಂಬಿಗೆ ಮುಖ ಒತ್ತಿಕೊಂಡಳು. ಹೊರಗಿದ್ದವರೆಲ್ಲ ಅವಳು ಅಳುತ್ತಿದ್ದಾಳೆಂದೇ ತಿಳಿದರು. ಪಾಲು ಮಾಡಿಸಲು ಬಂದಿದ್ದ ಹಿರಿಯರೊಬ್ಬರಂತೂ, "ಪಾಪ, ಮನೆ ಒಡೆದದ್ದು ಆ ಹೆಣ್ಣುಮಗಳ ಕರುಳಿಗೆ ತಾಕಿದೆ" ಎಂದು ತಾವೂ ಕಣ್ಣೊರೆಸಿಕೊಂಡರು.

ನಗದೆ ಇನ್ನೇನು ಮಾಡುವುದು? ಆ ಅಚ್ಚು ತೀರಿಕೊಂಡ ಮಾವ ತಮ್ಮ ಕೈಯಾರೆ ಮಾಡಿಟ್ಟದ್ದು. ಫೈಬರ್ ದೋಣಿ ಮರದ ದೋಣಿಯ ಹಾಗೆ ಹಲಗೆಗೆ ಹಲಗೆ ಕೂಡಿಸಿ ಕಟ್ಟುವಂಥದಲ್ಲ. ಮೊದಲು ದೊಡ್ಡ ತೊಟ್ಟಿಲಿನಂಥ ಅಚ್ಚೊಂದು ಬೇಕು. ಅದರ ಒಳಮೈ ಕನ್ನಡಿಯಂತಿರಬೇಕು. ಒಳಗೆ ಮೇಣ ತಿಕ್ಕಿ, ಬಣ್ಣದ ಪದರ ಬಳಿದು, ಗಾಜಿನ ನಾರಿನ ಚಾಪೆ ಹಾಸಿ, ಅದಕ್ಕೆ ಜೇನಿನಂತೆ ಅಂಟುವ ರೆಸಿನ್ ಕುಡಿಸಿ, ಗಟ್ಟಿಯಾದ ಮೇಲೆ ಎಬ್ಬಿಸಿದರೆ ದೋಣಿ. ಒಂದು ಅಚ್ಚಿದ್ದರೆ ಅದೇ ಮೈಕಟ್ಟಿನ ದೋಣಿಗಳು ಎಷ್ಟು ಬೇಕಾದರೂ ಹುಟ್ಟುತ್ತವೆ. ಮಾವ ಅದನ್ನು ಎಡ ಬಲ ಎಂದು ಎರಡು ಹೋಳಾಗಿ ಮಾಡಿ ನಡುವೆ ಬೋಲ್ಟು ಹಾಕಿ ಬಿಗಿದಿದ್ದರು. ದೋಣಿ ಒಳಗೇ ಕಚ್ಚಿಕೊಂಡರೆ ಬಿಚ್ಚಿ ತೆಗೆಯಲು ಸುಲಭವಾಗಲಿ ಎಂದು ಹಾಗೆ ಮಾಡಿದ್ದರೇ ಹೊರತು, ಮಕ್ಕಳು ಬಿಚ್ಚಿ ಹಂಚಿಕೊಳ್ಳಲಿ ಎಂದಲ್ಲ.

ಜಗಳ ಹುಟ್ಟಿದ್ದು ಒಂದು ರೋಲರಿನಿಂದ. ರೆಸಿನ್ ಕುಡಿದ ಚಾಪೆಯೊಳಗಿನ ಗಾಳಿಯನ್ನು ಒತ್ತಿ ಹೊರಡಿಸುವ ಆ ಪುಟ್ಟ ಉರುಳೆಯನ್ನು ಕೆಲಸ ಮುಗಿದ ಕೂಡಲೇ ತೊಳೆಯದಿದ್ದರೆ ಅದು ಕಲ್ಲಾಗಿಬಿಡುತ್ತದೆ. ಅಣ್ಣನ ರೋಲರನ್ನು ತಮ್ಮ ತೆಗೆದುಕೊಂಡಿದ್ದ, ತೊಳೆಯಲಿಲ್ಲ. ಅಣ್ಣ ಒಂದು ಮಾತಂದ, ತಮ್ಮ ಎರಡಂದ. ಅಲ್ಲಿಂದ ಮಾತು ಬಾಲ್ಯಕ್ಕೆ ಹೋಯಿತು, ಅಪ್ಪ ಯಾರನ್ನು ಹೆಚ್ಚು ಹೆಗಲ ಮೇಲೆ ಹೊತ್ತಿದ್ದರು ಎಂಬಲ್ಲಿಗೆ ಹೋಯಿತು. ಅಲ್ಲಿಗೆ ಹೋದ ಮೇಲೆ ಹಿಂದಕ್ಕೆ ಬರುವ ದಾರಿ ಇಬ್ಬರಿಗೂ ತಿಳಿಯಲಿಲ್ಲ. ಶೆಡ್ಡಿನ ನಡುವೆ ತಗಡಿನ ಗೋಡೆ ಎದ್ದಿತು. ಬಕೀಟು, ಬ್ರಷ್ಷು, ಏಣಿ ಎಲ್ಲ ಪಾಲಾದವು. ಅಚ್ಚಿನ ಎಡಹೋಳು ಅಣ್ಣನಿಗೆ, ಬಲಹೋಳು ತಮ್ಮನಿಗೆ. ಬೋಲ್ಟುಗಳ ಡಬ್ಬಿ ಅಣ್ಣನ ಪಾಲಿಗೆ ಬಂದದ್ದರಿಂದ ನ್ಯಾಯವಾಗಿ ನಟ್ಟುಗಳ ಡಬ್ಬಿ ತಮ್ಮನ ಪಾಲಿಗೆ ಹೋಯಿತು. ಹಿರಿಸೊಸೆ ಒಳಕ್ಕೆ ಓಡಿದ್ದು ಆಗಲೇ.

ಹಿತ್ತಲು ಮಾತ್ರ ಅತ್ತೆಯ ಪಾಲಿಗೆ ಉಳಿಯಿತು. ಸುತ್ತ ತಗಡಿನ ಬೇಲಿ, ಒಂದು ಅಗಲವಾದ ಗೇಟು, ಅದಕ್ಕೊಂದು ಬೀಗ, ಬೀಗದ ಕೈ ಅತ್ತೆಯ ಸೊಂಟದಲ್ಲಿ. "ಅವನು ಕಾಲಿಡೋ ಜಾಗದಲ್ಲಿ ನಾನು ಕಾಲಿಡಲ್ಲ" ಎಂದು ಅಣ್ಣನೂ, ಅದನ್ನೇ ಮಕ್ಕೀಕಾಮಕ್ಕಿ ತಮ್ಮನೂ ಹೇಳಿದ್ದರಿಂದ ಅತ್ತೆಯ ಹಿತ್ತಲಿಗೆ ಗಂಡಸರ ಕಾಟ ತಪ್ಪಿತು.

ಇಬ್ಬರೂ ದೋಣಿ ಮಾಡದೆ ಬಿಡುವವರಲ್ಲ. ಒಂದು ಹೋಳಿದ್ದರೆ ಇನ್ನೊಂದು ಹೋಳನ್ನು ಅದರ ಮೇಲಿಂದಲೇ ತೆಗೆಯಬಹುದು ಎಂದು ಇಬ್ಬರೂ ಎಣಿಸಿದ್ದರು. ಆದರೆ ಎಡಗೈಯ ಗವುಸನ್ನು ನೋಡಿ ಎಷ್ಟು ಸಲ ಹೊಲಿದರೂ ಎಡಗೈಯ ಗವುಸೇ ಆಗುತ್ತದಲ್ಲವೆ? ಕೊನೆಗೆ ದಾರ ಹಿಡಿದು, ರಟ್ಟು ಕತ್ತರಿಸಿ, ಕಣ್ಣಳತೆಯಲ್ಲಿ ತಿದ್ದಿ ತೀಡಿ, ಅಣ್ಣನೊಂದು ಬಲಹೋಳು ಮಾಡಿದ, ತಮ್ಮನೊಂದು ಎಡಹೋಳು ಮಾಡಿದ. ಅಣ್ಣನ ದೋಣಿ ನೀರಿಗಿಳಿದ ದಿನ ಹೊಳೆಯ ದಡದಲ್ಲಿ ಜನ ಸೇರಿದ್ದರು. ದೋಣಿ ಚೆಂದವಾಗಿಯೇ ಹೊರಟಿತು, ಸ್ವಲ್ಪ ದೂರ ಹೋಗಿ ಬಲಕ್ಕೆ ವಾಲಿತು, ಇನ್ನೂ ಬಲಕ್ಕೆ ವಾಲಿತು, ಒಂದು ದೊಡ್ಡ ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದು ನಿಂತಿತು. "ಮನೆ ಮೇಲೆ ಪ್ರೀತಿ ಜಾಸ್ತಿ ಇದಕ್ಕೆ" ಎಂದರು ಯಾರೋ. ತಮ್ಮ ಅಂದು ಹೊಟ್ಟೆ ತುಂಬ ನಕ್ಕ. ಮುಂದಿನ ವಾರ ಅವನ ದೋಣಿ ಎಡಕ್ಕೆ ಸುತ್ತು ಹಾಕಿತು. ಎರಡನ್ನೂ ಜೋಡಿಸಿ ಕಟ್ಟಿದರೆ ನೇರವಾಗಿ ಹೋದಾವು ಎಂಬ ಮಾತು ಊರಲ್ಲಿ ಹುಟ್ಟಿ, ಸಂತೆಯಲ್ಲಿ ಬೆಳೆದು, ಮನೆಗೂ ಬಂದು ತಲುಪಿತು. ಅಣ್ಣ ಮುಖ ಗಂಟಿಕ್ಕಿಕೊಂಡು ನೀರಿನ ಟ್ಯಾಂಕು ಮಾಡತೊಡಗಿದ. ತಮ್ಮ ಕುರ್ಚಿ ಮಾಡತೊಡಗಿದ.

ಅಷ್ಟರಲ್ಲಿ ಶೆಡ್ಡಿನ ಹೆಸರಿನ ಹಲಗೆಗಾಗಿ ಕೋರ್ಟು ಹತ್ತಿದ್ದರು. ಹಲಗೆಯಲ್ಲಿ ಮಾವನ ಹೆಸರಿನ ಮುಂದೆ 'ಮತ್ತು ಮಕ್ಕಳು' ಎಂದಿತ್ತು. ಅದು ನನಗೆ ಸೇರಬೇಕು ಎಂದು ಅಣ್ಣ. ಮಕ್ಕಳು ಎಂಬುದು ಬಹುವಚನ, ಒಬ್ಬನೇ ಹೇಗೆ ಮಕ್ಕಳಾಗುತ್ತಾನೆ ಎಂದು ತಮ್ಮನ ವಕೀಲ. ಹಾಗಾದರೆ ನಿಮ್ಮ ಕಕ್ಷಿದಾರ ಎಷ್ಟು ಜನ ಎಂದು ಅಣ್ಣನ ವಕೀಲ. ವಾಯಿದೆಯ ಮೇಲೆ ವಾಯಿದೆ ಬೀಳುತ್ತಿತ್ತು. ಪ್ರತಿ ವಾಯಿದೆಗೂ ಅಣ್ಣತಮ್ಮಂದಿರು ಬೆಳಗಿನ ಬಸ್ಸು ಹಿಡಿದು ಪಟ್ಟಣಕ್ಕೆ ಹೋಗಬೇಕು. ಇರುವುದೊಂದೇ ಬಸ್ಸು. ಒಬ್ಬ ಡ್ರೈವರನ ಹಿಂದೆ, ಒಬ್ಬ ಕಟ್ಟಕಡೆಯ ಸೀಟಿನಲ್ಲಿ.

ಹೀಗಿರುವಾಗ ಒಂದು ಬೆಳಗ್ಗೆ ದಾದಿಯಮ್ಮ ಬಂದಳು. ಹೊಳೆಯಾಚೆಯ ಮನೆಗಳಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಓಡುವವಳು ಅವಳು. ಹಿರಿಸೊಸೆಯ ಮಕ್ಕಳನ್ನೂ ಕಿರಿಸೊಸೆಯ ಮಗಳನ್ನೂ ಮೊದಲು ಎತ್ತಿಕೊಂಡದ್ದು ಅವಳ ಕೈಯೇ. ಅವಳ ಹಳೆಯ ದೋಣಿ ಮಾವ ಮಾಡಿಕೊಟ್ಟದ್ದು, ಬಂಡೆಗೆ ಬಡಿದು ಸೀಳಿತ್ತು.

"ನನಗೊಂದು ದೋಣಿ ಬೇಕು ಕಣಮ್ಮ" ಎಂದಳು ಹಿರಿಸೊಸೆಯ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು. "ನಿಮ್ಮ ಮಾವ ಮಾಡ್ತಿದ್ರಲ್ಲ, ಅಂಥದೇ. ಹಳದಿ ಬಣ್ಣ, ದೂರದಿಂದ ಕಾಣಬೇಕು."

"ನಮ್ಮೋರು ಈಗ ಟ್ಯಾಂಕು..."

"ನಿಮ್ಮೋರನ್ನ ಯಾರು ಕೇಳಿದ್ರು? ಬಲಕ್ಕೆ ಹೋಗೋದು ಬೇಡ, ಎಡಕ್ಕೆ ಹೋಗೋದೂ ಬೇಡ. ಮಗು ಆಚೆ ದಡದಲ್ಲಿ ಹುಟ್ತಿರುತ್ತೆ, ನಾನು ಹೊಳೆ ಮಧ್ಯ ಗಿರಗಿಟ್ಲೆ ಆಡ್ತಿರಬೇಕಾ? ನಾನು ಕೇಳ್ತಿರೋದು ನಿನ್ನ."

ಹಿರಿಸೊಸೆಯ ಕೈಲಿದ್ದ ಸೌಟು ಅಲ್ಲೇ ನಿಂತಿತು. ಮದುವೆಯಾಗಿ ಬಂದಾಗಿನಿಂದ ಅವಳು ಶೆಡ್ಡಿನಲ್ಲಿ ಚಾಪೆ ಕತ್ತರಿಸಿದ್ದಾಳೆ, ರೆಸಿನ್ ಅಳೆದಿದ್ದಾಳೆ, ಮಾವ ಇದ್ದಾಗ ಮೇಣ ತಿಕ್ಕಿ ತಿಕ್ಕಿ ಭುಜ ಹಿಡಿದುಕೊಂಡಿದೆ. ಆದರೆ ದೋಣಿ ಎದ್ದು ನಿಂತಾಗ ಅದರ ಪಕ್ಕ ನಿಂತು ಸೊಂಟದ ಮೇಲೆ ಕೈಯಿಡುವವರು ಗಂಡಸರು. ಅವಳು ಆ ಹೊತ್ತಿಗೆ ಚಹಾ ಸೋಸುತ್ತಿರುತ್ತಿದ್ದಳು.

ಸಂಜೆಯೇ ನೀರು ಸೇದುವ ನೆಪದಲ್ಲಿ ಓರಗಿತ್ತಿಯನ್ನು ಹಿಡಿದಳು. ಗಂಡಂದಿರು ಮಾತು ಬಿಟ್ಟರೆ ಹೆಂಡಂದಿರೂ ಬಿಡಬೇಕೆಂದು ಮನೆಯ ಕಟ್ಟಾಜ್ಞೆ. ಓರಗಿತ್ತಿಯರು ಅದನ್ನು ಗಂಡಂದಿರ ಕಣ್ಣೆದುರು ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ಕಿರಿಸೊಸೆ ಪೂರ್ತಿ ಕೇಳಿ, "ಅಕ್ಕ, ಗೊತ್ತಾದ್ರೆ?" ಎಂದಳು. ಮರುಕ್ಷಣ ತಾನೇ, "ಗೊತ್ತಾಗೋ ಹೊತ್ತಿಗೆ ದೋಣಿ ಆಗಿರಬೇಕು, ಅಷ್ಟೇ" ಎಂದಳು.

ಅತ್ತೆಯನ್ನು ಒಪ್ಪಿಸುವುದು ಹೇಗೆಂದು ಇಬ್ಬರೂ ತಲೆ ಕೆಡಿಸಿಕೊಂಡು ಹೋದರೆ, ಅತ್ತೆ ಸೊಂಟದಿಂದ ಬೀಗದ ಕೈ ತೆಗೆದು ನೆಲದ ಮೇಲಿಟ್ಟು, "ಅವರಪ್ಪ ಮಾಡಿದ್ದ ಅಚ್ಚನ್ನ ಹಪ್ಪಳ ಮುರಿದ ಹಾಗೆ ಮುರ್ಕೊಂಡ್ರಲ್ಲ, ಅವತ್ತಿಂದ ನನಗೆ ಹೊಟ್ಟೆಯುರಿ. ಯಾವತ್ತು ಶುರು?" ಎಂದಳು.

ಮೊದಲು ಹೋಳುಗಳು ಹಿತ್ತಲಿಗೆ ಬರಬೇಕು. ಎಡಹೋಳು ಅಣ್ಣನ ಮನೆಯ ಮಗ್ಗುಲಲ್ಲಿ ಬೋರಲಾಗಿ ಬಿದ್ದು ಸ್ಕೂಟರಿಗೆ ಸೂರಾಗಿತ್ತು. ಬಲಹೋಳು ತಮ್ಮನ ಗೋಡೆಗೊರಗಿ, ಅದರ ಮೇಲೆ ಬಳ್ಳಿ ಹಬ್ಬಿತ್ತು.

"ಅತ್ತೆ ಸೌದೆ ನೆನೆಯುತ್ತೆ ಅಂತಿದ್ರು, ಆ ಅರ್ಧ ಅಚ್ಚು ಕೊಟ್ರೆ ಮುಚ್ಚಿಕೊಳ್ತಾರಂತೆ" ಎಂದಳು ಹಿರಿಸೊಸೆ ಗಂಡನಿಗೆ ಬಡಿಸುತ್ತ.

"ಅಮ್ಮನಿಗೆ ತಾನೆ? ಕೊಡು. ಅವನ ಕಡೆಗೆ ಮಾತ್ರ ಹೋಗಕೂಡದು."

ತಗಡಿನ ಗೋಡೆಯಾಚೆ ಅದೇ ಹೊತ್ತಿಗೆ ಅದೇ ಮಾತು, ಅದೇ ಉತ್ತರ. ತಮ್ಮನಂತೂ ಅಮ್ಮನ ಮೇಲಿನ ಅಕ್ಕರೆಗೆ ಹೋಳನ್ನು ತಾನೇ ಗೇಟಿನವರೆಗೆ ತಳ್ಳಿಕೊಟ್ಟು ಹೋದ. ಬೋಲ್ಟುಗಳನ್ನು ಹಿರಿಸೊಸೆ, ನಟ್ಟುಗಳನ್ನು ಕಿರಿಸೊಸೆ, ತಂತಮ್ಮ ಗಂಡನ ಡಬ್ಬಿಯಿಂದ ಹಾರಿಸಿದರು. ರೆಸಿನ್, ಚಾಪೆ, ಬಣ್ಣಕ್ಕೆ ದಾದಿಯಮ್ಮ ಮುಂಗಡ ಕೊಟ್ಟಿದ್ದಳು.

ಮುಂದಿನ ವಾಯಿದೆಯ ದಿನ ಬಸ್ಸಿನ ಹೊಗೆ ತಿರುವಿನಲ್ಲಿ ಮರೆಯಾದದ್ದೇ ತಡ, ಮೂವರೂ ಹೆಂಗಸರು ಹಿತ್ತಲಲ್ಲಿದ್ದರು. ಬಹಳ ಕಾಲದ ಮೇಲೆ ಎಡ ಬಲ ಮುಖಾಮುಖಿಯಾದವು. ತೊಳೆದು, ಉಜ್ಜಿ, ಅಂಚಿಗೆ ಅಂಚು ತಂದು ನಿಲ್ಲಿಸಿದಾಗ ತೂತುಗಳು ಒಂದಕ್ಕೊಂದು ಸರಿಯಾಗಿ ಕೂತವು. ಅತ್ತೆ ಬೋಲ್ಟು ತೂರಿಸಿದಳು, ಕಿರಿಸೊಸೆ ನಟ್ಟು ತಿರುಗಿಸಿದಳು. "ಇವುಗಳಿಗೇನೂ ಜಗಳವಿಲ್ಲ ನೋಡಿ ಅತ್ತೆ" ಎಂದಳು. ಆಮೇಲೆ ಮೇಣ. ತಿಕ್ಕಬೇಕು, ಒಣಗಿಸಬೇಕು, ಒರೆಸಬೇಕು, ಮತ್ತೆ ತಿಕ್ಕಬೇಕು. ಒಂದು ಬೆರಳಿನಷ್ಟು ಜಾಗ ತಪ್ಪಿದರೂ ದೋಣಿ ಅಲ್ಲಿ ಅಚ್ಚನ್ನು ಕಚ್ಚಿ ಹಿಡಿಯುತ್ತದೆ, ಬಿಡಿಸಿದರೆ ಚರ್ಮ ಕಿತ್ತು ಬರುತ್ತದೆ. ಸಂಜೆಯ ಹೊತ್ತಿಗೆ ಹಿರಿಸೊಸೆ ಬಗ್ಗಿ ನೋಡಿದರೆ ಅಚ್ಚಿನೊಳಗೆ ಅವಳದೇ ಮುಖ ಅಡ್ಡಡ್ಡ ಹಿಗ್ಗಿ ಹಲ್ಲು ಕಿರಿಯುತ್ತಿತ್ತು.

ಎರಡನೆಯ ವಾಯಿದೆಗೆ ಬಣ್ಣ. ಜೆಲ್‌ಕೋಟ್ ಎನ್ನುವ ಆ ಹಳದಿ ಗಂಜಿಯನ್ನು ಅಚ್ಚಿನ ಒಳಮೈಗೆಲ್ಲ ಬಳಿಯಬೇಕು. ದೋಣಿಯ ಹೊರಗಡೆ ಕಾಣುವುದು ಅದೇ. ಅದು ಬೆರಳಿಗೆ ಅಂಟಿಯೂ ಬಣ್ಣ ಬಿಡದ ಹದಕ್ಕೆ ಬಂದಾಗ ಮೇಲೆ ನಾರಿನ ಚಾಪೆ ಹಾಸಿ ರೆಸಿನ್ ಹಚ್ಚಬೇಕು. ರೆಸಿನ್‌ಗೆ ಹಾರ್ಡನರ್ ಹನಿಸಿದರೆ ಅದು ಗಟ್ಟಿಯಾಗಲು ಶುರು. ಹೆಚ್ಚಾದರೆ ಕೈಯಲ್ಲಿರುವಾಗಲೇ ಗಟ್ಟಿ. ಹಿರಿಸೊಸೆ ಅಳತೆ ಬಲ್ಲವಳೇ, ಆದರೆ ಶೆಡ್ಡಿನ ನೆರಳಿನ ಅಳತೆ ಬಲ್ಲವಳು. ಹಿತ್ತಲಿನ ಬಿಸಿಲಿನ ಲೆಕ್ಕ ಅವಳಿಗೆ ಹೊಳೆಯಲಿಲ್ಲ. ಮೊದಲ ಬಕೀಟು ಕಲಸಿಟ್ಟು ಚಾಪೆ ಸರಿಪಡಿಸಿ ತಿರುಗುವಷ್ಟರಲ್ಲಿ ಬಕೀಟು ಹೊಗೆಯಾಡುತ್ತಿತ್ತು.

"ಅಕ್ಕ, ಕುದೀತಿದೆ!"

"ಕುದಿಯೋದಲ್ಲ, ಕೆಟ್ಟೋಯ್ತು! ಹೊರಗೆ ಹಾಕು, ಹೊರಗೆ!"

ಇಬ್ಬರೂ ಕಿರುಚುತ್ತಿರುವಾಗ ಅತ್ತೆ ಬಂದು, ಕೋಲೊಂದನ್ನು ಬಕೀಟಿನ ಹಿಡಿಗೆ ತೂರಿಸಿ, ಹೊಗೆಯುಗುಳುವ ಅದನ್ನು ಬೇಲಿಯ ಮೂಲೆಯ ಮರಳಿನಲ್ಲಿ ಕುಕ್ಕರಿಸಿ ಬಂದಳು. "ನನ್ನ ಮೊದಲ ಅಡಿಗೇನೂ ಹೀಗೇ ಆಗಿತ್ತು" ಎಂದಳು. ಆಮೇಲಿಂದ ಚಿಕ್ಕ ಚಿಕ್ಕ ಪಾತ್ರೆಯಲ್ಲಿ ಕಲಸಿದರು. ಆರಿದ ಮೇಲೆ ಬಕೀಟು ಸೀಳಿ ತೆಗೆದರೆ ಒಳಗಿನ ರೆಸಿನ್ ಬಿರುಕುಬಿಟ್ಟ ಕಲ್ಲಿನ ಪೀಠವಾಗಿತ್ತು. ಅತ್ತೆ ಅದನ್ನು ಗೇಟಿನ ಬಳಿ ಉರುಳಿಸಿಕೊಂಡು ಹೋಗಿ, ಅದರ ಮೇಲೆ ಕೂತು ಕಾವಲು ಕಾಯತೊಡಗಿದಳು.

ಕಿರಿಸೊಸೆ ಚಾಪೆ ಹಾಸಿದಳು, ಹಿರಿಸೊಸೆ ಬ್ರಷ್ಷಿನಿಂದ ರೆಸಿನ್ ಕುಡಿಸಿ ರೋಲರ್ ಉರುಳಿಸಿದಳು. ಹಾಲಿನಂತೆ ಬೆಳ್ಳಗಿದ್ದ ಚಾಪೆ ರೆಸಿನ್ ಕುಡಿದಂತೆ ಗಾಜಾಗಿ, ಕೆಳಗಿನ ಹಳದಿ ಮೆಲ್ಲಗೆ ಮೇಲೆ ಬಂತು. ಅಲ್ಲಲ್ಲಿ ಗಾಳಿಯ ಗುಳ್ಳೆಗಳು ಬಿಳಿಯ ಚುಕ್ಕೆಯಾಗಿ ಕಾಣುತ್ತಿದ್ದವು. ಅವನ್ನು ರೋಲರಿನಿಂದ ಅಟ್ಟಿಸಿಕೊಂಡು ಹೋಗಿ ಅಂಚಿನಲ್ಲಿ ಹೊರದೂಡುವಾಗ ಹಿರಿಸೊಸೆಗೆ ಎಂದೂ ಇಲ್ಲದ ಹುರುಪು. ಒಂದು ಗುಳ್ಳೆಗೆ ಗಂಡನ ಹೆಸರಿಟ್ಟಳು, ಒಂದಕ್ಕೆ ಮೈದುನನ ಹೆಸರಿಟ್ಟಳು. ಎರಡೂ ಸುಲಭಕ್ಕೆ ಹೋಗಲೊಲ್ಲವು.

ಅಂದು ರಾತ್ರಿ ಊಟಕ್ಕೆ ಕೂತ ತಮ್ಮ ಹೆಂಡತಿಯ ಕಿವಿಯನ್ನೇ ನೋಡಿದ. "ಇದೇನೇ ಹಳದಿ?"

"ಕಿವಿನೋವು. ಅತ್ತೆ ಏನೋ ಔಷಧಿ ಹಚ್ಚಿದ್ರು."

"ಹೋಗ್ತಾನೇ ಇಲ್ಲವಲ್ಲೇ!"

"ಒಳ್ಳೆ ಔಷಧಿ" ಎಂದಳು ಅವಳು.

ರೆಸಿನ್ನಿನ ವಾಸನೆಗೆ ಯಾವ ನೆಪವೂ ಬೇಕಾಗಲಿಲ್ಲ. ಅದು ತಮ್ಮನ ಕುರ್ಚಿಗಳದ್ದು ಎಂದು ಅಣ್ಣ ಮೂಗು ಮುಚ್ಚಿಕೊಂಡ. ಅಣ್ಣನ ಟ್ಯಾಂಕಿನದ್ದು ಎಂದು ತಮ್ಮ ಕಿಟಕಿ ಹಾಕಿಕೊಂಡ.

ಎಲ್ಲ ಇಷ್ಟು ಸುಸೂತ್ರವಾಗಿ ನಡೆಯುತ್ತಿರುವಾಗ ಅಪಾಯ ಬಂದದ್ದು ಯಾರೂ ಎಣಿಸದ ದಿಕ್ಕಿನಿಂದ. ಅಣ್ಣತಮ್ಮಂದಿರು ರಾಜಿಯಾಗುವ ಸೂಚನೆ ಕಾಣಿಸಿತು.

ಮಧ್ಯದಲ್ಲೊಂದು ವಾಯಿದೆಯಿತ್ತು, ಅಂದು ಹೆಂಗಸರಿಗೆ ಬಿಡುವಾಗಿರಲಿಲ್ಲ. ಮಕ್ಕಳಿಗೆ ಜ್ವರ. ಪಟ್ಟಣದಿಂದ ಬರುವಾಗ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತಂತೆ. ಸುತ್ತ ಒಂದು ಮರವಿಲ್ಲ. ಕೊಡೆ ಇದ್ದದ್ದು ತಮ್ಮನ ಹತ್ತಿರ, ನೀರಿದ್ದದ್ದು ಅಣ್ಣನ ಹತ್ತಿರ. ಮೊದಲರ್ಧ ಗಂಟೆ ಒಬ್ಬ ಬಾಯಾರಿಕೊಂಡು ನೆರಳಿನಲ್ಲಿ, ಒಬ್ಬ ನೀರು ಕುಡಿಯುತ್ತ ಬಿಸಿಲಿನಲ್ಲಿ ನಿಂತಿದ್ದರಂತೆ. ಕೊನೆಗೆ ಯಾರು ಯಾರ ಹತ್ತಿರ ಸರಿದರೋ ದೇವರಿಗೇ ಗೊತ್ತು. ಮನೆಗೆ ಬಂದ ಅಣ್ಣ ಕೈಕಾಲು ತೊಳೆದು ಏನೋ ಗುನುಗುತ್ತ ಕೂತ.

"ಪಾಪ ಕಣೇ. ಅವನ ತಲೆಕೂದಲೆಲ್ಲ ಉದುರಿಹೋಗಿದೆ. ಹಿಂದಿನಿಂದ ನೋಡಿದ್ರೆ ಅಪ್ಪನೇ."

ಹಿರಿಸೊಸೆ ತಟ್ಟೆ ತಂದಿಟ್ಟಳು.

"ಈ ಕೋರ್ಟು ಗೀರ್ಟು ಎಲ್ಲ ಯಾಕೆ ಅಂತ. ಮುಂದಿನ ಸಲ ರಾಜಿ ಮಾಡ್ಕೊಂಡು ಬಿಡೋಣ ಅಂತಿದೀನಿ."

ಒಂದು ಗಳಿಗೆ ಅವಳಿಗೆ ನಿಜವಾಗಿಯೂ ಸಂತೋಷವಾಯಿತು. ಗಂಡನ ಮುಖ ಎಷ್ಟೋ ದಿನಗಳ ಮೇಲೆ ಸಡಿಲವಾಗಿತ್ತು. ಆದರೆ ಹಿತ್ತಲಿನಲ್ಲಿ ದೋಣಿ ಇನ್ನೂ ಒಂದೇ ಚಾಪೆಯ ಮೈಯಲ್ಲಿ ಮಲಗಿತ್ತು. ಈಗ ರಾಜಿಯಾದರೆ ಅಣ್ಣತಮ್ಮಂದಿರು ಹೆಗಲ ಮೇಲೆ ಕೈ ಹಾಕಿಕೊಂಡು ಅಮ್ಮನ ಹಿತ್ತಲಿಗೇ ಬರುತ್ತಾರೆ. 'ಅಯ್ಯೋ, ಇದೇನು, ಸರಿಯಿರಿ, ನಾವು ಮುಗಿಸ್ತೀವಿ' ಎನ್ನುತ್ತಾರೆ. ದೋಣಿಯ ಪಕ್ಕ ನಿಂತು ಸೊಂಟದ ಮೇಲೆ ಕೈಯಿಡುತ್ತಾರೆ. ಚಹಾ ಎಲ್ಲಿ ಎನ್ನುತ್ತಾರೆ.

"ಒಳ್ಳೇದೇ ಆಯ್ತು" ಎಂದಳು ಮೆಲ್ಲಗೆ, ಅನ್ನದ ಪಾತ್ರೆ ಹತ್ತಿರಕ್ಕೆಳೆದುಕೊಂಡು. "ಅವನಿಗೂ ನಿಮ್ಮ ಮೇಲೆ ಪ್ರೀತಿ ಇಲ್ಲದೇ ಇಲ್ಲ. ಮೊನ್ನೆ ಯಾರ ಹತ್ರಾನೋ ನಿಮ್ಮ ಟ್ಯಾಂಕು ಹೊಗಳ್ತಿದ್ನಂತೆ."

"ಹೌದಾ? ಏನಂದ?"

"'ಅಣ್ಣ ಟ್ಯಾಂಕು ಮಾಡೋಕೆ ಶುರು ಮಾಡಿದ್ದು ಒಳ್ಳೇದಾಯ್ತು, ಅದು ನಿಂತ ಕಡೆ ನಿಂತಿರುತ್ತೆ, ನೇರವಾಗಿ ಹೋಗಬೇಕಾದ ತಾಪತ್ರಯ ಇಲ್ಲ' ಅಂತ."

ಗುನುಗು ನಿಂತಿತು. ಅಣ್ಣನ ತುತ್ತು ತಟ್ಟೆಗೂ ಬಾಯಿಗೂ ನಡುವೆ ಬಹಳ ಹೊತ್ತು ಉಳಿಯಿತು.

ಹಿರಿಸೊಸೆಗೆ ಒಳಗೊಳಗೇ ಚುರುಕ್ಕೆಂದಿತು. 'ದೋಣಿ ಆಗೋತನಕ ಅಷ್ಟೇ' ಎಂದು ತನಗೆ ತಾನೇ ಹೇಳಿಕೊಂಡಳು. ಮರುದಿನ ಬಾವಿಯ ಬಳಿ ಇದನ್ನು ಹೇಳೋಣವೆಂದು ಹೋದರೆ, ಕಿರಿಸೊಸೆ ಮೊದಲೇ ಬಾಯಿಬಿಟ್ಟಳು. "ಅಕ್ಕ, ತಪ್ಪು ತಿಳ್ಕೋಬೇಡಿ. ನಮ್ಮೋರು ನಿನ್ನೆ ಅಣ್ಣ ಅಣ್ಣ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ನನಗೆ ಗಾಬರಿ ಆಯ್ತು. 'ಅವನ ಕುರ್ಚಿಗೆ ನಾಲ್ಕು ಕಾಲಿರೋದು ಪುಣ್ಯ, ಎರಡೇ ಇದ್ದಿದ್ರೆ ಒಂದು ಉದ್ದ ಒಂದು ಗಿಡ್ಡ ಮಾಡಿರ್ತಿದ್ದ' ಅಂತ ಬಾವ ಅಂದ್ರು ಅಂದುಬಿಟ್ಟೆ."

ಹಿರಿಸೊಸೆ ಕೊಡ ಕೆಳಗಿಟ್ಟು ಓರಗಿತ್ತಿಯನ್ನು ತಬ್ಬಿಕೊಂಡಳು.

ಸುಳ್ಳು ಎರಡೂ ಮನೆಯಲ್ಲಿ ಚೆನ್ನಾಗಿ ಬೇರು ಬಿಟ್ಟಿತು. ರಾಜಿಯ ಮಾತು ಬಾಯಿಗೆ ಬರಲಿಲ್ಲ. ಮುಂದಿನ ವಾಯಿದೆಗೆ ಒಬ್ಬ ಡ್ರೈವರನ ಹಿಂದೆ, ಒಬ್ಬ ಕಟ್ಟಕಡೆಯ ಸೀಟಿನಲ್ಲಿ ಹೊರಟರು. ಹೆಂಗಸರು ಗಟ್ಟಿಯಾದ ಮೊದಲ ಪದರವನ್ನು ಉಜ್ಜುಕಾಗದದಿಂದ ಒರಟು ಮಾಡಿ, ಧೂಳು ಒರೆಸಿ, ಮೇಲೆ ಚಾಪೆಯ ಮೇಲೆ ಚಾಪೆ ಹಾಸಿದರು. ತಳಕ್ಕೆ ಹೆಚ್ಚು, ಮೂತಿಗೆ ಇನ್ನೂ ಹೆಚ್ಚು, ಎರಡು ಹೋಳು ಕೂಡುವ ನಡುಗೆರೆಯ ಮೇಲೆ ಎಲ್ಲಕ್ಕಿಂತ ಹೆಚ್ಚು. ಅಡ್ಡಕ್ಕೆ ಪಕ್ಕೆಲುಬಿನಂತೆ ಪಟ್ಟಿಗಳನ್ನಿಟ್ಟು ಅವನ್ನೂ ನಾರಿನಲ್ಲಿ ಸುತ್ತಿ ಕೂಡಿಸಿದರು. ಮೂವರ ಮೈಯೂ ನಾರಿನ ಚೂರು ಹೊಕ್ಕು ತುರಿಸುತ್ತಿತ್ತು. ಅತ್ತೆ ಗೇಟಿಗೆ ಬೆನ್ನು ಉಜ್ಜಿಕೊಳ್ಳುತ್ತಿರುವುದನ್ನು ನೋಡಿ ಸೊಸೆಯರಿಬ್ಬರೂ ನಕ್ಕು ನಕ್ಕು ಅಲ್ಲೇ ಕುಸಿದರು.

ಕೊನೆಗೆ ದೋಣಿಯನ್ನು ಎಬ್ಬಿಸುವ ದಿನ ಬಂತು. ಆ ದಿನವೇ ಬಸ್ಸಿನಲ್ಲಿ ನಡೆದದ್ದು ಆಮೇಲೆ ಕಂಡಕ್ಟರನ ಬಾಯಿಂದ ಊರಿಗೆಲ್ಲ ಗೊತ್ತಾಯಿತು. ಅರ್ಧ ದಾರಿಯಲ್ಲಿ ಅಣ್ಣನಿಗೆ ತಡೆಯಲಾಗಲಿಲ್ಲವಂತೆ. ಎದ್ದು ನಿಂತು, ಹಿಂದಿನ ಸೀಟಿನತ್ತ ತಿರುಗಿ, "ನನ್ನ ಟ್ಯಾಂಕು ನೇರವಾಗಿ ಹೋಗಲ್ವೇನೋ?" ಎಂದು ಕೂಗಿದನಂತೆ. "ಟ್ಯಾಂಕು ಯಾಕೋ ಹೋಗಬೇಕು?" ಎಂದು ಬಸ್ಸಿನವರೆಲ್ಲ ಕಂಗಾಲು.

"ನಾನೆಲ್ಲಿ ಹಾಗಂದೆ? ನನ್ನ ಕುರ್ಚಿ ಕಾಲಿನ ಮಾತು ಎತ್ತಿದ್ದು ನೀನು!"

"ಯಾವ ಕುರ್ಚಿ? ಯಾವ ಕಾಲು?"

ಇಬ್ಬರೂ ಬಸ್ಸಿನ ನಡುಭಾಗಕ್ಕೆ ಬಂದು ಎದುರುಬದುರು ನಿಂತರಂತೆ. ಕಂಡಕ್ಟರ್ ಟಿಕೀಟಿನ ಚೀಲ ಸರಿಮಾಡಿಕೊಳ್ಳುತ್ತ, "ಈ ಮಾತು ನಿಮಗೆ ಹೇಳಿದ್ದು ಯಾರು?" ಎಂದು ಕೇಳಿದನಂತೆ. "ನನ್ನ ಹೆಂಡತಿ" ಎಂದ ಅಣ್ಣ. "ನನಗೂ ನನ್ನ ಹೆಂಡತೀನೇ" ಎಂದ ತಮ್ಮ. "ಹಾಗಾದ್ರೆ ನೀವು ಹೋಗಬೇಕಾದ್ದು ಕೋರ್ಟಿಗಲ್ಲ" ಎಂದು ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದನಂತೆ.

ಇತ್ತ ಹಿತ್ತಲಲ್ಲಿ ಬೋಲ್ಟು ಬಿಚ್ಚಿಯಾಗಿತ್ತು. ದಾದಿಯಮ್ಮನೂ ಬಂದು ಸೇರಿದ್ದಳು. ಅಂಚಿನ ಸುತ್ತ ಮರದ ಬೆಣೆಗಳನ್ನು ಸ್ವಲ್ಪ ಸ್ವಲ್ಪವೇ ಬಡಿದು, ಸಂದಿಗೆ ನೀರು ಹೊಯ್ದರು. ಎಡಹೋಳು ಮೆತ್ತಗೆ ಸರಿಯಿತು. ಬಲಹೋಳು ಮಾತ್ರ ಮೂತಿಯ ಹತ್ತಿರ ಕಚ್ಚಿಕೊಂಡು ಬಿಡಲೊಲ್ಲದು.

"ಅದು ನಮ್ಮೋರ ಕಡೇದಲ್ವಾ, ಹಟ ಜಾಸ್ತಿ" ಎಂದಳು ಕಿರಿಸೊಸೆ.

ಹಿರಿಸೊಸೆ ಅಂಗೈಯಿಂದ ಅಚ್ಚಿನ ಹೊರಮೈ ತಟ್ಟುತ್ತ ಹೋದಳು. ಬಿಟ್ಟ ಕಡೆ ಟೊಳ್ಳು ಸದ್ದು, ಕಚ್ಚಿದ ಕಡೆ ಮಂದ ಸದ್ದು. ಮಂದ ಸದ್ದು ಸಿಕ್ಕ ಕಡೆ ಇನ್ನೊಂದು ಬೆಣೆ ಇಟ್ಟು, ಇನ್ನೊಂದು ಚೊಂಬು ನೀರು ಹೊಯ್ದು, ರಬ್ಬರ್ ಸುತ್ತಿಗೆಯಿಂದ ಒಂದು ಏಟು ಹಾಕಿದಳು. ಏನೂ ಆಗಲಿಲ್ಲ. ಮತ್ತೊಂದು ಹಾಕಿದಳು.

'ಚಟಾರ್!' ಎಂದು ಬೀದಿಗೆಲ್ಲ ಕೇಳುವಂತೆ ಸಿಡಿಯಿತು.

ಆ ಸದ್ದನ್ನು ಆ ಮನೆಯಲ್ಲಿ ಹುಟ್ಟಿದವರು ನಿದ್ದೆಯಲ್ಲೂ ಗುರುತಿಸುತ್ತಾರೆ. ಹೆಂಡಂದಿರನ್ನು ವಿಚಾರಿಸಿಕೊಳ್ಳಲೆಂದು ಅರ್ಧ ದಾರಿಯಲ್ಲೇ ಬಸ್ಸಿಳಿದು, ಹೆಜ್ಜೆಗೆ ಹೆಜ್ಜೆ ಹಾಕುತ್ತ ಓಣಿಯೊಳಗೆ ಬರುತ್ತಿದ್ದ ಅಣ್ಣತಮ್ಮಂದಿರು ಗಕ್ಕನೆ ನಿಂತರು. ಅಚ್ಚಿನಿಂದ ದೋಣಿ ಏಳುವ ಸದ್ದು! ಯಾರ ಅಚ್ಚು? ಯಾರ ದೋಣಿ? ಹಿತ್ತಲ ಗೇಟಿಗೆ ಓಡಿಬಂದರು. ಒಳಗಿನಿಂದ ಬೀಗ.

"ಅಮ್ಮಾ! ಬಾಗಿಲು ತೆಗಿ! ಒಳಗೇನು ನಡೀತಿದೆ?"

ಅತ್ತೆ ರೆಸಿನ್ನಿನ ಪೀಠದ ಮೇಲೆ ಕೂತಲ್ಲಿಂದಲೇ, "ಸೌದೆ ಜೋಡಿಸ್ತಿದೀವಿ" ಎಂದಳು.

"ಸೌದೆ ಚಟಾರ್ ಅನ್ನುತ್ತಾ?"

"ಒಣಗಿದ ಸೌದೆ."

ತಗಡಿನ ಬೇಲಿಯಲ್ಲಿ ಒಂದೇ ಒಂದು ತೂತಿತ್ತು. ಅಣ್ಣ ಬಗ್ಗಿ ಕಣ್ಣಿಟ್ಟ. ಬಹಳ ಹೊತ್ತು ಏಳಲಿಲ್ಲ. "ಏನು ಕಾಣ್ತಿದೆ? ಸರಿಯೋ, ನನಗೂ ತೋರಿಸೋ" ಎಂದು ತಮ್ಮ ಅವನ ಅಂಗಿ ಹಿಡಿದು ಜಗ್ಗಿದ. ಆಮೇಲೆ ತಮ್ಮ ಬಗ್ಗಿದ. ಒಳಗೆ ಹಳದಿ ದೋಣಿ ಬಿಸಿಲಿಗೆ ಮೈಯೊಡ್ಡಿ ಹೊಳೆಯುತ್ತಿತ್ತು. ಅದರ ಪಕ್ಕ ಹಿರಿಸೊಸೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಅಂಚು ಕೊಯ್ಯೋ ಮುಂಚೆ ಗೆರೆ ಹಾಕ್ಕೊಳ್ಳಿ!" ಎಂದು ಹೊರಗಿನಿಂದ ಅಣ್ಣನ ದನಿ ಬಂತು.

"ಹಾಕ್ಕೊಂಡಿದೀವಿ" ಎಂದಳು ಹಿರಿಸೊಸೆ.

"ಮೂತಿ ಹತ್ರ ಎಷ್ಟು ಚಾಪೆ?" ಇದು ತಮ್ಮ.

"ಬೇಕಾದಷ್ಟು" ಎಂದಳು ಕಿರಿಸೊಸೆ.

ಆಮೇಲೆ ಅಣ್ಣನಿಗೆ ತಾನು ಬಂದದ್ದೇಕೆಂದು ನೆನಪಾಯಿತು. "ಏಯ್, ಟ್ಯಾಂಕಿನ ಮಾತು ಹೇಳಿದ್ದು ನೀನು ತಾನೆ? ಅವನು ಹಾಗೆ ಅಂದೇ ಇಲ್ಲವಂತೆ! ಗಂಡನಿಗೆ ಸುಳ್ಳು ಹೇಳ್ತೀಯಾ? ಅಣ್ಣತಮ್ಮಂದಿರ ಮಧ್ಯ ತಂದು ಹಾಕ್ತೀಯಾ?"

ಹಿರಿಸೊಸೆಯ ಕೈ ಸೊಂಟದಿಂದ ಇಳಿಯಿತು. ಅಷ್ಟರಲ್ಲೇ ಹೊಳೆಯ ಕಡೆಯಿಂದ ಯಾರೋ ಕೂಗಿ ಕರೆಯುವುದು ಕೇಳಿಸಿತು. ಕಿರಿಸೊಸೆ ಅಚ್ಚಿನ ಮೇಲೆ ಹತ್ತಿ ಬೇಲಿಯಾಚೆ ನೋಡಿದರೆ, ಆಚೆ ದಡದಲ್ಲಿ ಒಬ್ಬ ಗಂಡಸು ಬಟ್ಟೆ ಬೀಸುತ್ತ ಹಾರುತ್ತಿದ್ದ. ದಾದಿಯಮ್ಮ ಕಿವಿಗೊಟ್ಟು ಕೇಳಿ, ಚೀಲಕ್ಕೆ ಕೈ ಹಾಕಿದಳು. "ನೋವು ಶುರುವಾಗಿದೆ. ಕೊಡಿ ದೋಣಿ."

"ಇನ್ನೂ ಅಂಚು ಉಜ್ಜಿಲ್ಲ, ಕೂರೋಕೆ ಹಲಗೆ ಹಾಕಿಲ್ಲ..."

"ಮಗು ಹಲಗೆ ಕೇಳ್ತಿಲ್ಲ."

ಅತ್ತೆ ಎದ್ದು ಬೀಗ ತೆಗೆದಳು. ಗೇಟು ತೆರೆದುಕೊಂಡಾಗ ಗಂಡಸರಿಬ್ಬರೂ ಒಟ್ಟಿಗೇ ಬಾಯಿ ತೆರೆದರು.

"ಜಗಳ ನಾಳೆ" ಎಂದಳು ಅತ್ತೆ. "ಇವತ್ತು ದೋಣಿ. ಇಬ್ಬರೂ ಹಿಂಭಾಗ ಹಿಡ್ಕೊಳ್ಳಿ."

ಅವರು ಹಿಡಿದುಕೊಂಡರು. ಎಡಭಾಗದ ಹಿಂದೆ ಅಣ್ಣ, ಬಲಭಾಗದ ಹಿಂದೆ ತಮ್ಮ. ಏದುಸಿರು ಬಿಡುತ್ತ ಹೊಳೆಯವರೆಗೂ ಸಾಗಿಸಿದರು. ದೋಣಿಯ ಮೈ ನೋಡಿ ನೋಡಿ, ಎಲ್ಲಾದರೂ ಒಂದು ಗುಳ್ಳೆ ಸಿಕ್ಕೀತೇ ಎಂದು ಕಣ್ಣಲ್ಲೇ ಹುಡುಕುತ್ತಿದ್ದರು. ಸಿಕ್ಕವು ಎರಡು. ಎರಡೂ ಹಿರಿಸೊಸೆಗೆ ಗೊತ್ತಿದ್ದವೇ, ಹೆಸರು ಸಮೇತ.

ಎರಡು ಖಾಲಿ ರೆಸಿನ್ ಡಬ್ಬಗಳನ್ನು ಬೋರಲು ಹಾಕಿ ಆಸನ ಮಾಡಿದರು. ದಾದಿಯಮ್ಮ ಮುಂದೆ ಚೀಲ ತಬ್ಬಿಕೊಂಡು ಕೂತಳು. ಹುಟ್ಟು ಹಾಕಲು ಯಾರೆಂದು ನೋಡುವ ಮೊದಲೇ ಹಿರಿಸೊಸೆ ಹತ್ತಿಯಾಗಿತ್ತು. ತವರಿನಲ್ಲಿ ಹುಟ್ಟು ಹಾಕಿ ಅಭ್ಯಾಸವಿದ್ದವಳೇ, ಆದರೆ ಇಷ್ಟು ವರ್ಷ ಆ ಶೆಡ್ಡಿನಿಂದ ಅಷ್ಟು ದೋಣಿ ಹೋದರೂ ಅವಳು ಒಂದರಲ್ಲೂ ಕೂತವಳಲ್ಲ. ದೋಣಿ ನೀರು ಮುಟ್ಟಿದಾಗ ಹುಟ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ನಾಲ್ಕು ಸಲ ಹುಟ್ಟು ಎಳೆದಳು. ದೋಣಿ ಬಲಕ್ಕೂ ವಾಲಲಿಲ್ಲ, ಎಡಕ್ಕೂ ವಾಲಲಿಲ್ಲ. ಬಟ್ಟೆ ಬೀಸುತ್ತಿದ್ದ ಗಂಡಸಿನ ಮೂಗಿನ ನೇರಕ್ಕೆ ಹೋಯಿತು.

"ನನ್ನ ಕಡೆ ಎಷ್ಟು ನೀಟಾಗಿ ನೀರು ಸೀಳ್ತಿದೆ ನೋಡು" ಎಂದ ಅಣ್ಣ.

"ನೀರು ಸೀಳ್ತಿರೋದು ಮೂತಿ. ಗಟ್ಟಿಯಾಗಿರೋದು ನನ್ನ ಕಡೆ ಮೂತಿ" ಎಂದ ತಮ್ಮ. ಆದರೆ ಇಬ್ಬರೂ ಒಂದೇ ಕಲ್ಲಿನ ಮೇಲೆ ನಿಂತು, ಒಬ್ಬರ ತೋಳು ಒಬ್ಬರು ಹಿಡಿದುಕೊಂಡೇ ಅದನ್ನು ಅಂದರು ಎಂದು ಕಿರಿಸೊಸೆ ಆಮೇಲೆ ವರದಿ ಒಪ್ಪಿಸಿದಳು.

ಆಚೆ ದಡದಲ್ಲಿ ದಾದಿಯಮ್ಮ ಒಳಗೆ ಹೋದಳು. ಹಿರಿಸೊಸೆ ದೋಣಿಯನ್ನು ದಡಕ್ಕೆಳೆದು ಹಗ್ಗ ಕಟ್ಟಿ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತಳು. ಉಗುರಿನ ಸಂದಿಯಲ್ಲಿ ಹಳದಿ, ತೋಳೆಲ್ಲ ತುರಿಕೆ. ಟ್ಯಾಂಕಿನ ಮಾತಿಗೆ ಗಂಡನಿಗೆ ಏನು ಹೇಳುವುದೆಂದು ಯೋಚಿಸಿದಳು. ತಪ್ಪಾಯಿತು ಎನ್ನುವುದು, ಮತ್ತೆ ಹಾಗೆ ಮಾಡುವುದಿಲ್ಲ ಎನ್ನುವುದು. ಮೊದಲನೆಯದು ನಿಜ, ಎರಡನೆಯದರ ಬಗ್ಗೆ ಅವಳಿಗೆ ಅಷ್ಟು ಖಾತರಿಯಿರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಒಳಗಿನಿಂದ ಎಳೆಯ ಅಳು ಕೇಳಿಸಿತು, ಅದರ ಹಿಂದೆಯೇ ಹೆಂಗಸರ ನಗು. ಮಗುವಿನ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದು ದೋಣಿಯನ್ನು ಸುತ್ತ ತಿರುಗಿ ನೋಡಿ, ಬೆರಳಲ್ಲಿ ಗೀರಿ ನೋಡಿದಳು.

"ಗಟ್ಟಿಯಾಗಿದೆ. ಯಾರು ಮಾಡಿದ್ದು ಇದನ್ನ? ಅಣ್ಣನೋ, ತಮ್ಮನೋ?"

"ಅವರ ಹೆಂಡ್ತೀರು" ಎಂದಳು ಹಿರಿಸೊಸೆ.

ಮುದುಕಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನಮಗೂ ಒಂದು ಬೇಕಿತ್ತಲ್ಲ. ನಾಳೆಯಿಂದಲೇ ಶುರು ಮಾಡ್ತೀಯಾ?"

"ನಾಳೆ ಆಗಲ್ಲ ಅಜ್ಜಿ" ಎಂದು ಅವಳು ಹಗ್ಗ ಬಿಚ್ಚತೊಡಗಿದಳು. "ನಾಳೆ ಮನೇಲಿ ಜಗಳ ಇದೆ. ನಾಡಿದ್ದು ಬರ್ತೀನಿ."